ಆರಾಮಾಗಿರೋರ ಹೊಟ್ಟೇಲೂ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ: ಡಾಕ್ಟರನ್ನ ಕೇಳಿ

ಅಡ್ಮಿನ್: ಇವತ್ತು ರಾತ್ರಿ ಎಂಟರಿಂದ ಡಾಕ್ಟರ್ ಮೇಡಂ ನಮ್ ಗ್ರೂಪಲ್ಲಿ ಇರ್ತಾರೆ. ಮೈಕ್ರೋಬಯಾಲಜಿಯೋರು, ಆಸ್ಪತ್ರೆ ಲ್ಯಾಬಲ್ಲಿ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಟೆಸ್ಟ್) ರಿಪೋರ್ಟ್ ನೋಡೋದೇ ಇವ್ರ ಕೆಲ್ಸ. ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಬಗ್ಗೆ ಮಾತ್ರ ಕೇಳಿ, ಫಾರ್ವರ್ಡ್ ಹಾಕ್ಬೇಡಿ.

ಹಾಸನ: ನಮಸ್ತೆ ಮೇಡಂ. ನಮ್ಮತ್ತೆಗೆ 61, ಶುಗರ್ ಇದೆ, ಚೆಕಪ್‌ಗೆ ಹೋದಾಗ ಯೂರಿನ್ ಕಲ್ಚರ್ ಮಾಡಿದ್ರು, ಇ. ಕೋಲೈ, ಇಎಸ್‌ಬಿಎಲ್ ಪಾಸಿಟಿವ್, ಅಂದ್ರೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಅಂತ ಬಂದಿದೆ. ಉರಿ ಇಲ್ಲ ಜ್ವರ ಇಲ್ಲ, ಆರಾಮಾಗಿ ಓಡಾಡ್ಕೊಂಡಿದಾರೆ, ಆದ್ರೆ ಏಳು ದಿನ ಇಂಜೆಕ್ಷನ್ ಹಾಕಿಸ್ಲೇಬೇಕು ಅಂತ ಒಬ್ರು ಹೇಳಿದ್ರು, ಹಾಕಿಸ್ಬೇಕಾ?

ಡಾಕ್ಟರ್: ತೊಂದ್ರೆ ಏನೂ ಇಲ್ಲ ಅಂದ್ರೆ ಬೇಡ, ಶುಗರ್ ಇದ್ರೂ ಇದೇ ಉತ್ತರ. ಗರ್ಭಿಣಿಯರು, ಮೂತ್ರನಾಳದ ಆಪರೇಷನ್ ಆಗ್ಬೇಕಾದೋರು, ಇವ್ರಿಗೆ ಮಾತ್ರ ಮಾತು ಬೇರೆ. ಉರಿ, ಚಳಿಜ್ವರ, ಪಕ್ಕೆ ನೋವು ಬಂದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ, ಈ ರಿಪೋರ್ಟನ್ನೂ ತೋರಿಸಿ.

ತುಮಕೂರು: ಆಸ್ಪತ್ರೆ ಮೆಟ್ಲೇ ಹತ್ತದೋರಿಗೂ ಇದು ಹೆಂಗ್ ಬರುತ್ತೆ ಮೇಡಂ?

ಡಾಕ್ಟರ್: ಇ. ಕೋಲೈ ಎಲ್ಲರ ಕರುಳಲ್ಲೂ ಇರುತ್ತೆ. ಅದ್ರಲ್ಲಿ ಕೆಲವು ಪೆನಿಸಿಲಿನ್, ಸೆಫಲೋಸ್ಪೋರಿನ್ ಜಾತಿ ಔಷಧಿನ ಒಡೆದು ಹಾಕೋ ಕಿಣ್ವ ಮಾಡ್ತವೆ, ಇಎಸ್‌ಬಿಎಲ್ ಅಂದ್ರೆ ಅದೇ. ಆ ಗುಣ ಒಂದು ಬ್ಯಾಕ್ಟೀರಿಯಾದಿಂದ ಪಕ್ಕದ್ದಕ್ಕೂ ದಾಟುತ್ತೆ. ಕೈ, ನೀರು, ಊಟ, ಚರಂಡಿ ಹೀಗೆ ಒಬ್ಬರಿಂದ ಒಬ್ಬರಿಗೆ ಬರುತ್ತೆ, ಹೊಟ್ಟೇಲಿ ಸುಮ್ನೆ ಇರುತ್ತೆ. ಆಮೇಲೆ ನೆಗಡಿಗೆ ಅಂತ ಆಂಟಿಬಯಾಟಿಕ್ ನುಂಗಿದ್ರೆ ಉಳಿದವು ಸತ್ತು ಇದಕ್ಕೆ ಜಾಗ ಖಾಲಿ ಆಗುತ್ತೆ. ಕಾರ್ಬಪೆನೆಮ್‌ನಂಥ ದೊಡ್ಡ ಇಂಜೆಕ್ಷನ್‌ಗೂ ಬ್ಯಾಕ್ಟೀರಿಯಾ ಬಗ್ಗದಂಗೆ ಮಾಡೋ ಎನ್‌ಡಿಎಂ-1 ಜೀನ್ ದೆಹಲೀಲಿ ಆಸ್ಪತ್ರೆ ಹೊರಗಡೆನೇ ಸಿಕ್ಕಿತ್ತು, 2011ರಲ್ಲಿ ಪ್ರಕಟವಾದ ಅಧ್ಯಯನ, ರಸ್ತೆ ಬದಿ ನಿಂತ ನೀರಿನ 171 ಸ್ಯಾಂಪಲಲ್ಲಿ 51ರಲ್ಲಿ, ನಲ್ಲಿ ನೀರಿನ 50ರಲ್ಲಿ 2ರಲ್ಲಿ.

ಐಂಡ್‌ಹೋವನ್: ನಾನು ನೆದರ್ಲೆಂಡ್ಸ್‌ನಲ್ಲಿದೀನಿ. ಊರಿಗೆ ಬಂದಾಗ ಡೆಂಗ್ಯೂ ಆಗಿ ಐದು ದಿನ ಅಡ್ಮಿಟ್ ಆಗಿದ್ದೆ, ವಾಪಸ್ ಹೋಗಿ ಇಲ್ಲಿ ಆಸ್ಪತ್ರೆಗೆ ಸೇರಿದ್ರೆ ಒಂಟಿ ರೂಮಲ್ಲಿಟ್ಟು ಮೂಗಿಂದ, ಹಿಂದಿನಿಂದ ಎಲ್ಲಾ ಸ್ವಾಬ್ ತಗೊಂಡ್ರು, ನರ್ಸ್ ಗೌನ್ ಹಾಕ್ಕೊಂಡೇ ಬರ್ತಿದ್ರು. ನಮ್ ದೇಶದೋರು ಅಂತ ಹಿಂಗಾ? ತುಂಬಾ ಅವಮಾನ ಆಯ್ತು.

ಡಾಕ್ಟರ್: ಅವಮಾನ ಅಂದ್ಕೋಬೇಡಿ. ಇಂಥ ಬ್ಯಾಕ್ಟೀರಿಯಾ ಜೊತೆಗೆ ಬಂದಿದ್ಯಾ ಅಂತ ನೋಡೋಕೆ, ಹೊರದೇಶದ ಆಸ್ಪತ್ರೇಲಿ ಇದ್ದು ಬಂದೋರಿಗೆಲ್ಲ ಅಲ್ಲಿ ಹಾಗೇ ಮಾಡ್ತಾರೆ, ಡಚ್ಚರಿಗೂ. ಅವ್ರದ್ದೇ ಪ್ರವಾಸಿಗಳನ್ನ ಪರೀಕ್ಷೆ ಮಾಡಿದ ದೊಡ್ಡ ಅಧ್ಯಯನ 2017ರಲ್ಲಿ ಬಂತು. ಹೋಗುವಾಗ ಇಲ್ಲದ ಇಎಸ್‌ಬಿಎಲ್ ಬರುವಾಗ ಸೇಕಡಾ 34 ಜನರ ಕರುಳಲ್ಲಿತ್ತು, ದಕ್ಷಿಣ ಏಷ್ಯಾಗೆ ಬಂದು ಹೋದವ್ರಲ್ಲಿ ಸೇಕಡಾ 75. ಹೀಗೆ ಅಂಟಿಸ್ಕೊಂಡೋರಲ್ಲಿ ಅರ್ಧ ಜನಕ್ಕೆ ಒಂದು ತಿಂಗಳೊಳಗೆ ತಾನಾಗೇ ಹೋಯ್ತು, ಸುಮಾರು ಸೇಕಡಾ 11 ಜನರಲ್ಲಿ ವರ್ಷ ಆದ್ರೂ ಇತ್ತು. ಅವ್ರೆಲ್ಲ ಬರೀ ಪ್ರವಾಸ ಬಂದೋರು. ನಾವು ಇಲ್ಲೇ ಇರೋರು, ದಿನಾ ಇದೇ ನೀರು ಇದೇ ಊಟ.

ದಾವಣಗೆರೆ: *ಎಲ್ಲಾ ಬ್ಯಾಕ್ಟೀರಿಯಾಗೂ ರಾಮಬಾಣ* ಖಾಲಿ ಹೊಟ್ಟೇಲಿ ಹಸಿ ಬೆಳ್ಳುಳ್ಳಿ, ಅರಿಶಿನ, ಜೇನು 21 ದಿನ, ಕರುಳು ಪೂರ್ತಿ ಕ್ಲೀನ್ 🙏 ಎಲ್ಲರಿಗೂ ಕಳಿಸಿ

ಡಾಕ್ಟರ್: ಕ್ಲೀನ್ ಆಗಲ್ಲ. ಅಡುಗೆಗೆ ಹಾಕ್ಕೊಳ್ಳಿ. ಇದನ್ನ ನಂಬಿ ಚಳಿಜ್ವರ ಬಂದೋರನ್ನ ಮನೇಲಿ ಇಟ್ಕೊಂಡ್ರೆ ಜೀವ ಹೋಗುತ್ತೆ.

ಧಾರವಾಡ: ಮೇಡಂ, ನಮ್ಮ ಮಾವಾರಿಗೆ 68 ವರ್ಷ, ಮುಂದಿನ ಮಂಗಳವಾರ ಪ್ರಾಸ್ಟೇಟ್ ಬಯಾಪ್ಸಿ ಅದರಿ, ಪಿಎಸ್‌ಎ (ಪ್ರಾಸ್ಟೇಟಿಂದು ರಕ್ತ ಪರೀಕ್ಷಾ) ಜಾಸ್ತಿ ಬಂದದ. ಆರು ತಿಂಗಳದಾಗ ಮೂರ್ ಸಲ ಉರಿ ಅಂತ ತಾವ ಮೆಡಿಕಲ್ ಶಾಪಿಂದ ಸಿಪ್ರೋ ಅನ್ನೋ ಆಂಟಿಬಯಾಟಿಕ್ ತಂದು ನುಂಗ್ಯಾರ, ಡಾಕ್ಟರ್ ಮುಂದ ಹೇಳಿಲ್ರಿ. ಈಗ ಆರಾಮ ಅದಾರ, ದಿನಾ ಹೊಲಕ್ಕ ಹೋಗ್ತಾರ. ಇಂಥಾ ಬ್ಯಾಕ್ಟೀರಿಯಾ ಅವರ ಹೊಟ್ಟ್ಯಾಗ ಇದ್ರ ಏನರ ತೊಂದ್ರಿ ಆಗ್ತದೇನ್ರಿ?

ಡಾಕ್ಟರ್: ಆಗ್ಬಹುದು, ಅದಕ್ಕೇ ಬೇರೆಯವ್ರ ಪ್ರಶ್ನೆ ಬಿಟ್ಟು ಇದಕ್ಕೆ ಉದ್ದ ಬರೀತಿದೀನಿ. ಬಯಾಪ್ಸಿ ಗುದದ್ವಾರದ ಮೂಲಕ ಮಾಡ್ತಾರಾ ಅಂತ ಮೊದ್ಲು ಕೇಳಿ. ಹಾಗಿದ್ರೆ ಸೂಜಿ ಕರುಳಿನ ಗೋಡೆ ದಾಟಿ ಹತ್ತು ಹನ್ನೆರಡು ಸಲ ಪ್ರಾಸ್ಟೇಟ್ ಒಳಗೆ ಹೋಗುತ್ತೆ, ಕರುಳಲ್ಲಿರೋದನ್ನ ಅಲ್ಲಿಗೂ ರಕ್ತಕ್ಕೂ ಒಯ್ಯುತ್ತೆ. ಅದನ್ನ ತಡೆಯೋಕೆ ಮುಂಚೆನೇ ಒಂದು ಆಂಟಿಬಯಾಟಿಕ್ ಕೊಡ್ತಾರೆ, ಬಹಳ ಕಡೆ ಅದು ಸಿಪ್ರೋನೇ. ಮಾವನೋರು ಮೂರು ಸಲ ಸಿಪ್ರೋ ತಗೊಂಡಿದಾರೆ, ಹಾಗಾಗಿ ಕರುಳಲ್ಲಿ ಈಗ ಉಳಿದಿರೋದು ಸಿಪ್ರೋಗೆ ಬಗ್ಗದವೇ ಆಗಿರೋ ಸಾಧ್ಯತೆ ಜಾಸ್ತಿ, ಆಗ ಆ ಮಾತ್ರೆ ಕೊಟ್ಟೂ ಕೊಡದಂಗೆ. ಇಂಥೋರು ನಡ್ಕೊಂಡು ಬಂದು ಬಯಾಪ್ಸಿ ಮಾಡಿಸ್ಕೊಂಡು ಹೋಗಿ, ಎರಡನೇ ದಿನ ನಡುಗ್ತಾ ಐಸಿಯುಗೆ ಬಂದಿದ್ದು, ಅವ್ರ ಬ್ಲಡ್ ಕಲ್ಚರಲ್ಲಿ ಇದೇ ಇ. ಕೋಲೈ ಬೆಳೆದಿದ್ದು ನಾನೇ ನೋಡಿದೀನಿ.

ಹಂಗಂತ ಬಯಾಪ್ಸಿ ಬಿಡ್ಬೇಡಿ, ಪಿಎಸ್‌ಎ ಏರಿದೆ ಅಂದ್ಮೇಲೆ ಡಾಕ್ಟ್ರು ಹೇಳಿದ್ದನ್ನ ಮಾಡಿಸ್ಲೇಬೇಕು. ನಾಳೆನೇ ಯೂರಾಲಜಿಸ್ಟಿಗೆ ಆ ಮೂರು ಕೋರ್ಸ್ ವಿಷ್ಯ ತಾರೀಖು ಸಮೇತ ಹೇಳಿ, ಬೈತಾರೆ ಅಂತ ಮುಚ್ಚಿಡ್ಬೇಡಿ. ರೆಕ್ಟಲ್ (ಗುದದ್ವಾರದ) ಸ್ವಾಬ್ ಕಲ್ಚರ್ ಮಾಡಿಸಬಹುದಾ ಅಂತ ಕೇಳಿ, ಎರಡು ಮೂರು ದಿನದಲ್ಲಿ ರಿಪೋರ್ಟ್ ಬರುತ್ತೆ, ಅದು ನೋಡಿ ಅವ್ರು ಔಷಧಿ ಆರಿಸ್ತಾರೆ. ಕರುಳು ಮುಟ್ಟದೆ ಕೆಳಗಿನ ಚರ್ಮದಿಂದ ಸೂಜಿ ಹಾಕೋ ಟ್ರಾನ್ಸ್‌ಪೆರಿನಿಯಲ್ ವಿಧಾನನೂ ಇದೆ, ಅದ್ರಲ್ಲಿ ಈ ಸೋಂಕು ಬಹಳ ಕಮ್ಮಿ, ಅಲ್ಲಿ ಮಾಡ್ತಾರಾ ಕೇಳಿ. ಬಯಾಪ್ಸಿ ಆದ್ಮೇಲೆ ಚಳಿ ಜ್ವರ ಬಂದ್ರೆ ರಾತ್ರಿ ಎಷ್ಟೊತ್ತಾದ್ರೂ ಕರ್ಕೊಂಡ್ ಹೋಗಿ.

ಮಂಡ್ಯ ಮೇಷ್ಟ್ರು: ಇದಕ್ಕೆಲ್ಲ ಕಾರಣ ಮೆಡಿಕಲ್ ಶಾಪ್‌ನೋರು. ಚೀಟಿ ಇಲ್ದೆ ಸಿಪ್ರೋ ಕೊಟ್ಟಿದ್ ಯಾರು?

ಚಿತ್ರದುರ್ಗ ಮೆಡಿಕಲ್ಸ್: ನಾವ್ ಕೊಡಲ್ಲ ಅಂದ್ರೆ ಪಕ್ಕದ ಅಂಗಡಿಗೆ ಹೋಗ್ತಾರೆ ಸಾರ್. ಕೂಲಿಯೋರು ಡಾಕ್ಟರ್ ಫೀಸ್ ಎಲ್ಲಿಂದ ತರ್ಬೇಕು?

ಮಂಡ್ಯ ಮೇಷ್ಟ್ರು: ಸೆಫಿಕ್ಸಿಮ್‌ನಂಥ ಆಂಟಿಬಯಾಟಿಕ್ ಶೆಡ್ಯೂಲ್ ಎಚ್1 ಪಟ್ಟೀಲಿದೆ, ಮಾರಿದ್ರೆ ರೋಗಿ ಹೆಸ್ರು ಡಾಕ್ಟರ್ ಹೆಸ್ರು ಬರೆದು 3 ವರ್ಷ ರಿಜಿಸ್ಟರ್ ಇಡ್ಬೇಕು, 2014ರಿಂದ ಇದೆ ಈ ರೂಲ್ಸು. ನಿಮ್ ರಿಜಿಸ್ಟರ್ ತೋರ್ಸಿ ನೋಡೋಣ.

ಚಿತ್ರದುರ್ಗ ಮೆಡಿಕಲ್ಸ್: ನಿಮಗ್ಯಾಕೆ ತೋರಿಸ್ಲಿ, ನೀವೇನ್ ಡ್ರಗ್ ಇನ್‌ಸ್ಪೆಕ್ಟರಾ? ಕೋಳಿ ಫಾರ್ಮಿನೋರನ್ನ ಕೇಳಿ ಮೊದ್ಲು.

ಕೋಲಾರ ಫಾರ್ಮ್: ನಮ್ಮನ್ಯಾಕೆ ಎಳೀತೀರಾ? ಕೋಳಿಗೆ ಹಾಕ್ತಿದ್ದ ಕೊಲಿಸ್ಟಿನ್ ಆಂಟಿಬಯಾಟಿಕ್ 2019ರಲ್ಲೇ ಬ್ಯಾನ್ ಆಯ್ತು, ನಾನಂತೂ ಹಾಕಲ್ಲ.

ಮಂಡ್ಯ ಮೇಷ್ಟ್ರು: ಅದೊಂದೇನಾ ಆಂಟಿಬಯಾಟಿಕ್ ಇರೋದು? ಉತ್ತರ ಕೊಡಿ

ಅಡ್ಮಿನ್: ದಯವಿಟ್ಟು ಜಗಳ ಬೇಡ.

ಉಡುಪಿ: ನಮ್ಮ ಪಾಪುಗೆ ಎಂಟು ತಿಂಗಳು, ನಂಗೆ ಇಎಸ್‌ಬಿಎಲ್ ಇದ್ರೆ ಹಾಲು ಕುಡಿಸ್ಬಹುದಾ?

ಬಳ್ಳಾರಿ: ಮೇಡಂ ನಂಗೂ ಯೂರಿನ್ನಲ್ಲಿ ಇಎಸ್‌ಬಿಎಲ್ ಬಂದಿದೆ, ತೊಂದ್ರೆ ಏನಿಲ್ಲ, ಮಾತ್ರೆ ಬೇಕಾ?

ಡಾಕ್ಟರ್: ಬಳ್ಳಾರಿ, ಹಾಸನದೋರಿಗೆ ಬರ್ದಿದ್ದು ಓದಿ.

ಶಿರಸಿ: ನಮ್ಮ ತಂದೆಯವರಿಗೂ ಹಾಂಗೇ, ಇಎಸ್‌ಬಿಎಲ್...

ಡಾಕ್ಟರ್: ಅದೇ ಉತ್ತರ.

ದಾವಣಗೆರೆ: ಮೇಡಂ ಅಲೋಪತಿಯೋರಿಗೆ ಮನೆಮದ್ದು ಕಂಡ್ರೆ ಆಗಲ್ಲ. ನಮ್ಮಜ್ಜಿ ಬೆಳ್ಳುಳ್ಳಿ ತಿಂದೇ 90 ವರ್ಷ ಬದುಕಿದ್ರು.

ಡಾಕ್ಟರ್: ಅಜ್ಜಿ ಬಗ್ಗೆ ಗೌರವ ಇದೆ. ಹೊಟ್ಟೆ ಕ್ಲೀನ್ ಮಾಡೋಕೆ ಅಂತ ಆಂಟಿಬಯಾಟಿಕ್ಕೂ ಬೇಡ, ಕಷಾಯನೂ ಬೇಡ, ಅಂತ ಮೊದ್ಲಿಂದ ಇದನ್ನೇ ಹೇಳ್ತಿದೀನಿ. ಟಾಯ್ಲೆಟ್‌ಗೆ ಹೋಗ್ಬಂದು, ಅಡುಗೆಗೆ ಮುಂಚೆ ಸೋಪಲ್ಲಿ ಕೈ ತೊಳೀರಿ, ನೀರು ಕುದಿಸಿ ಕುಡೀರಿ. ಆ ಮೆಸೇಜ್ ಡಿಲೀಟ್ ಮಾಡಿ.

ದಾವಣಗೆರೆ: ಮಾಡಲ್ಲ.

ಧಾರವಾಡ: ಮೇಡಂ, ಫೋನ್ ಮಾಡಿ ಎಲ್ಲಾ ಹೇಳಿದ್ವಿರಿ. ನಾಳೆ ಸ್ವಾಬ್ ಕೊಡ್ರಿ ಅಂದ್ರು, ರಿಪೋರ್ಟ್ ಬರೋತನಕ ಬಯಾಪ್ಸಿ ಮುಂದ ಹಾಕ್ಯಾರ. ಮಾವಾರು ಮೂರಲ್ಲ, ನಾಕ್ ಸಲ ತಗೊಂಡೀನಿ ಅಂತ ಈಗ ಹೇಳಾಕತ್ತಾರ್ರಿ.

ಡಾಕ್ಟರ್: ನಾಲ್ಕನೇದನ್ನೂ ಅವ್ರಿಗೆ ತಿಳಿಸಿ. ರಿಪೋರ್ಟ್ ಬಂದಾಗ ನಂಗೂ ಕಳಿಸಿ.