25 ಮಿ.ಮೀ. ಟೈರಿನಲ್ಲಿ ಹಳ್ಳಿದಾರಿ: ಅನುಭವ ಇದ್ದವರು ಹೇಳಿ

ಕಾಲುವೆ ಏರಿ:
ನನ್ನದು ಡಾಂಬರು ರಸ್ತೆಗೆಂದು ಮಾಡಿದ ಸೈಕಲ್, 25 ಮಿ.ಮೀ. ಟೈರು. ಎರಡು ವರ್ಷದಿಂದ ಹೆದ್ದಾರಿಯ ಅಂಚಿನಲ್ಲೇ ತುಳಿದು ಬೇಸರ ಹಿಡಿದಿದೆ. ಹೋದ ವಾರ ದಾರಿ ತಪ್ಪಿ ಒಂದು ಕಾಲುವೆಯ ಏರಿ ಹತ್ತಿದೆ. ಹನ್ನೆರಡು ಕಿಲೋಮೀಟರು ಒಂದು ವಾಹನವೂ ಎದುರಾಗಲಿಲ್ಲ. ಮಿಂಚುಳ್ಳಿಯೊಂದು ಹಾರಿ ಮುಂದಿನ ಕಂಬದ ಮೇಲೆ ಕೂರುವುದು, ನಾನು ಹತ್ತಿರ ಬಂದ ಕೂಡಲೇ ಮತ್ತೆ ಹಾರುವುದು, ಹೀಗೆ ಆರು ಕಂಬಗಳವರೆಗೆ ಜೊತೆಗೆ ಬಂತು. ಇನ್ನು ಮುಂದೆ ಭಾನುವಾರಗಳು ಅಂಥ ದಾರಿಗೇ ಮೀಸಲು ಎಂದುಕೊಂಡಿದ್ದೇನೆ. ವಯಸ್ಸು 51, ತೂಕ 58 ಕೆ.ಜಿ., ಏರಿನಲ್ಲಿ ಎಡ ಮೊಣಕಾಲು ನೋಯುತ್ತದೆ, ಒಬ್ಬಳೇ ಹೋಗುತ್ತೇನೆ. ಇದೇ ಸೈಕಲ್ ಸಾಕೇ, ಬೇರೆಯದು ಕೊಳ್ಳಬೇಕೇ?

ತುಕ್ಕು ಸರಪಳಿ:
ಕೊಂಡುಬಿಡಿ. ನಾನೂ ನಿಮ್ಮಂತೆಯೇ ಎರಡು ವರ್ಷ ಮೀನಮೇಷ ಎಣಿಸಿದೆ. ಕೊನೆಗೆ ಹಳೆಯದನ್ನು ಕೊಂಡ ಬೆಲೆಯ ಅರ್ಧಕ್ಕೂ ಕಡಿಮೆಗೆ ಮಾರಿ, ಜಲ್ಲಿ, ಮಣ್ಣಿನ ದಾರಿಗೆಂದೇ ಮಾಡಿದ, 40 ಮಿ.ಮೀ. ಟೈರಿನ ಗ್ರಾವೆಲ್ ಸೈಕಲ್ ತಂದೆ. ಸೈಕಲಿನ ಬೆಲೆಯನ್ನು ಲೆಕ್ಕ ಹಾಕಿದ್ದೆ, ಅದರ ಬಾಲವನ್ನು ಹಾಕಿರಲಿಲ್ಲ. ಟ್ಯೂಬ್‌ಲೆಸ್ ಟೇಪು, ವಾಲ್ವು, ಸೀಲಂಟು (ಟೈರಿನ ತೂತನ್ನು ಒಳಗಿನಿಂದಲೇ ಮುಚ್ಚುವ ದ್ರವ), ಅದನ್ನು ತುಂಬಲು ಸಿರಿಂಜು, ಮತ್ತೆ ಟೇಪು (ಮೊದಲು ತಂದದ್ದು ರಿಮ್ಮಿಗಿಂತ ಕಿರಿದಾಗಿತ್ತು). ಟೈರಿನ ಅಂಚು ರಿಮ್ಮಿಗೆ ಕೂರುವುದಕ್ಕೆ ಮೂರು ರಾತ್ರಿ ಹಿಡಿಯಿತು. ಎರಡನೆಯ ರಾತ್ರಿ ಒಂದು ಮಗ್ಗುಲು ‘ಟಪ್’ ಎಂದು ಕೂತಿತು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಇನ್ನೊಂದು ಮಗ್ಗುಲು ಬಿಚ್ಚಿಕೊಂಡು 60 ಮಿ.ಲೀ. ಸೀಲಂಟು ಗೋಡೆಗೆ ರಾಚಿತು. ಆ ಕಲೆ ಈಗಲೂ ಇದೆ. ಅದರ ಮೇಲೆ ಕ್ಯಾಲೆಂಡರ್ ನೇತುಹಾಕಿದ್ದೇವೆ.

ನಾಲ್ಕನೆಯ ಸವಾರಿಯಲ್ಲೇ, ಮನೆಯಿಂದ 31 ಕಿಲೋಮೀಟರು ದೂರದಲ್ಲಿ, ಬೆರಳು ಗಾತ್ರದ ಒಂದು ಒಣಕಡ್ಡಿ ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡಿತು. ಗೇರು ಬದಲಿಸುವ ಡೀರೇಲರನ್ನು ಚಕ್ರ ಒಳಗೆಳೆದುಕೊಂಡು, ಅದನ್ನು ಚೌಕಟ್ಟಿಗೆ ಹಿಡಿಸುವ ಹ್ಯಾಂಗರ್ ಮುರಿಯಿತು. ಚೌಕಟ್ಟು ಉಳಿಯಲಿ ಎಂದೇ ಆ ತುಂಡನ್ನು ಮೆತ್ತಗೆ ಮಾಡಿರುತ್ತಾರೆ, ಗೊತ್ತು. ಚೌಕಟ್ಟಿಗೊಂದು ಬಗೆಯ ಹ್ಯಾಂಗರ್ ಎಂಬುದೂ ಗೊತ್ತು. ಆದರೂ ಎರಡು ಬಾರಿ ತಪ್ಪು ತುಂಡು ತರಿಸಿದೆ, ಸರಿಯಾದದ್ದು ಬರುವಷ್ಟರಲ್ಲಿ ಏಳು ವಾರ. ಅಂದು ಒಂಬತ್ತು ಕಿಲೋಮೀಟರು ತಳ್ಳಿಕೊಂಡು ನಡೆದೆ. ಕತ್ತಲಾಯಿತು. ಹಳ್ಳದ ಪಕ್ಕದ ಒಂದೇ ಒಂದು ಮರ, ಬುಡದಿಂದ ತುದಿಯವರೆಗೆ ಮಿಂಚುಹುಳು. ಸೈಕಲ್ ಸರಿಯಿದ್ದಿದ್ದರೆ ಆ ಜಾಗವನ್ನು ಹಗಲಿನಲ್ಲೇ ದಾಟಿರುತ್ತಿದ್ದೆ. ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.

ನೆಗ್ಗಿಲು:
ಪಶ್ಚಾತ್ತಾಪವಿಲ್ಲ ಎನ್ನುವುದಕ್ಕೆ ಇಷ್ಟುದ್ದ ಬರೆಯಬೇಕಾಯಿತಲ್ಲ!

ನಾನು ಟ್ಯೂಬಿನವನು, ಟ್ಯೂಬಿನವನಾಗಿಯೇ ಇರುತ್ತೇನೆ. ನನ್ನ ಹೆಸರು ನೋಡಿ. ಹೊಲದ ಬದುವಿನ ನೆಗ್ಗಿಲು ಮುಳ್ಳನ್ನು ಅಂಗೈಯಲ್ಲಿಟ್ಟು ನೋಡಿದ್ದೀರಾ? ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದೆ. ಸುಗ್ಗಿ ಮುಗಿದ ಮೇಲೆ ಒಂದು ದಿನ, ಎರಡು ಕಿಲೋಮೀಟರಿನ ಅಡ್ಡದಾರಿ ಹಿಡಿದೆ. ಎರಡೂ ಟೈರಿನಲ್ಲಿ ಎಣಿಸಿದ್ದು ಹದಿನೇಳು ಮುಳ್ಳು, ತೂತು ಹನ್ನೊಂದು. ಕೈಯಲ್ಲಿದ್ದದ್ದು ಆರು ಪ್ಯಾಚು. ಪ್ಯಾಚನ್ನು ಅರ್ಧ ಕತ್ತರಿಸಿ ಹಚ್ಚಿದೆ. ಅಂಟು ಒಣಗುವವರೆಗೆ ಕಾಯುವ ತಾಳ್ಮೆ ಇರಲಿಲ್ಲ, ಮೊದಲ ಮೂರು ಕಿತ್ತು ಬಂದವು. ಆಮೇಲೆ ಬುದ್ಧಿ ಬಂದು ಪ್ರತಿಯೊಂದಕ್ಕೂ ಐದು ನಿಮಿಷ ಕೊಟ್ಟೆ. ಟೈರಿನ ಒಳಮೈಯನ್ನು ಬರಿಬೆರಳಿನಲ್ಲಿ ಸವರಿ ಹೆಬ್ಬೆರಳು ಕೊಯ್ದುಕೊಂಡೆ, ಆಮೇಲಿಂದ ಬಟ್ಟೆ ಇಟ್ಟುಕೊಳ್ಳುತ್ತೇನೆ. ಒಟ್ಟು ಎರಡೂಮುಕ್ಕಾಲು ಗಂಟೆ. ಅಷ್ಟು ಹೊತ್ತೂ ಒಬ್ಬ ಕುರಿ ಕಾಯುವ ಹುಡುಗ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ತೂತು ಸಿಕ್ಕಾಗಲೆಲ್ಲ ನನಗಿಂತ ಮೊದಲೇ ‘ಇನ್ನೊಂದು’ ಎನ್ನುತ್ತಿದ್ದ. ಕುರಿಗಳು ಎಲ್ಲಿಗೆ ಹೋದವೋ ಅವನಿಗೂ ಗೊತ್ತಿರಲಿಲ್ಲ.

ತುಕ್ಕು ಸರಪಳಿ:
ಹನ್ನೊಂದು ತೂತು! ಟ್ಯೂಬ್‌ಲೆಸ್ ಆಗಿದ್ದರೆ ಆ ಹನ್ನೊಂದೂ ನಿಮಗೆ ಗೊತ್ತೇ ಆಗುತ್ತಿರಲಿಲ್ಲ. ಮುಳ್ಳು ಕಿತ್ತು ಚಕ್ರ ತಿರುಗಿಸಿದರೆ ಮುಗಿಯಿತು.

ನೆಗ್ಗಿಲು:
ಸೀಲಂಟು ಹಸಿಯಾಗಿದ್ದರೆ ಮುಗಿಯಿತು. ಬೇಸಿಗೆಯಲ್ಲಿ ಎರಡು ಮೂರು ತಿಂಗಳಿಗೆ ಒಣಗಿ ರಬ್ಬರ್ ಉಂಡೆಯಾಗುತ್ತದೆ, ಟೈರಿನ ಮಗ್ಗುಲು ಸೀಳಿದರೆ ಅದೂ ಕೈಕೊಡುತ್ತದೆ. ಆಗ ಏನು ಮಾಡುತ್ತೀರಿ? ಜೇಬಿನಿಂದ ಟ್ಯೂಬೇ ತೆಗೆಯುತ್ತೀರಿ. ಅಂದರೆ ನೀವೂ ಟ್ಯೂಬಿನವರೇ, ಬೆನ್ನಿನ ಮೇಲೆ ಹೊತ್ತು ತಿರುಗುವವರು ಅಷ್ಟೆ.

ಬೆಳಗಿನ ಜಾವ:
ನೀವಿಬ್ಬರೂ ಟೈರಿನಿಂದ ಕಣ್ಣು ಮೇಲೆತ್ತಿದರೆ ಒಂದು ಮಾತು. ಒಬ್ಬರೇ ಹೋಗುವವರು ಯೋಚಿಸಬೇಕಾದದ್ದು ನಾಯಿ. ನನ್ನ ಬಲ ಮೀನಖಂಡದಲ್ಲಿ ನಾಲ್ಕು ಹಲ್ಲಿನ ಗುರುತಿದೆ. ಮಂಜು ಕವಿದ ಬೆಳಗ್ಗೆ, ಒಂಟಿ ತೋಟದ ಮನೆ, ಮೂರು ನಾಯಿ. ವೇಗವಾಗಿ ತುಳಿದು ತಪ್ಪಿಸಿಕೊಳ್ಳುತ್ತೇನೆ ಎಂದುಕೊಂಡೆ. ಸಣ್ಣ ಏರು ಎಂಬುದನ್ನು ಮರೆತಿದ್ದೆ. ಕಚ್ಚಿದ್ದು ಬೊಗಳಿದ ನಾಯಿಯಲ್ಲ, ಸದ್ದಿಲ್ಲದೆ ಹಿಂದಿನಿಂದ ಬಂದ ಮೂರನೆಯದು. ತೋಟದ ಅಜ್ಜಿ ಪಂಪ್‌ಸೆಟ್ಟಿನ ನೀರಿನ ಕೆಳಗೆ ಕಾಲು ಹಿಡಿಸಿ, ಸೋಪು ಕೊಟ್ಟು, ಹದಿನೈದು ನಿಮಿಷ ತೊಳೆಸಿದಳು. ಅದೇ ಸರಿಯಾದ ಕ್ರಮ ಎಂದು ಆಮೇಲೆ ವೈದ್ಯರು ಹೇಳಿದರು. ಲಸಿಕೆ ಮೊದಲ ದಿನ, ಆಮೇಲೆ 3, 7, 14, 28ನೆಯ ದಿನ. ಗಾಯದ ಸುತ್ತ ಚುಚ್ಚಿದ ಇಮ್ಯುನೊಗ್ಲಾಬ್ಯುಲಿನ್ ಬೇರೆ, ಅದರ ನೋವನ್ನು ಬರೆಯುವುದಿಲ್ಲ. ಕೆಲಸಕ್ಕೆ ಐದು ಅರ್ಧದಿನದ ರಜೆ. ಈಗ ನಾಯಿ ಕಂಡರೆ ಇಳಿಯುತ್ತೇನೆ, ಸೈಕಲನ್ನು ನಡುವೆ ಇಟ್ಟುಕೊಂಡು ನಡೆಯುತ್ತೇನೆ. ಓಡುವುದನ್ನು ನಿಲ್ಲಿಸಿದರೆ ಬಹಳಷ್ಟು ನಾಯಿಗಳಿಗೆ ಆಸಕ್ತಿ ಹೋಗುತ್ತದೆ.

ತುಕ್ಕು ಸರಪಳಿ:
ಇಳಿದು ನಡೆಯುತ್ತಾ ಹೋದರೆ 60 ಕಿಲೋಮೀಟರಿಗೆ ಸರಾಸರಿ ವೇಗ ಎಷ್ಟು ಬರುತ್ತದೆ?

ಬೆಳಗಿನ ಜಾವ:
ಒಂಬತ್ತು ಕಿಲೋಮೀಟರು ತಳ್ಳಿಕೊಂಡು ನಡೆದವರಿಗಿಂತ ಹೆಚ್ಚೇ ಬರುತ್ತದೆ.

ಒಂದೇ ಗೇರು:
ಈ ಮಾತುಕತೆಯನ್ನೆಲ್ಲ ಓದಿ ನಗು ಬಂತು. ನನ್ನದು ತಂದೆಯ ಕಾಲದ ಉಕ್ಕಿನ ಸೈಕಲ್. ಮುಂದೆ 44 ಹಲ್ಲು, ಹಿಂದೆ 18, ಅಷ್ಟೇ. ಹ್ಯಾಂಗರ್ ಇಲ್ಲ, ಮುರಿಯುವುದಿಲ್ಲ. ಏರು ಬಂದರೆ ತಳ್ಳುತ್ತೇನೆ. ತಳ್ಳುವಾಗಲೇ ಕಾಣುವುದು ಹೆಚ್ಚು. ಹಳೆಯ ಬಾವಿಯೊಂದರ ಕಲ್ಲಿನ ಸಂದಿಯಲ್ಲಿ ಗೂಬೆ ಮರಿಗಳು ಮೂರು, ಸಾಲಾಗಿ, ಕತ್ತನ್ನು ಒಂದೇ ಕಡೆ ವಾಲಿಸಿ ನನ್ನನ್ನೇ ನೋಡುತ್ತಿದ್ದವು. ಗಂಟೆಗೆ 25 ಕಿಲೋಮೀಟರಿನಲ್ಲಿ ಹೋಗುವವರಿಗೆ ಆ ಬಾವಿಯೇ ಕಾಣುವುದಿಲ್ಲ. ಖರ್ಚು? ಹನ್ನೆರಡು ವರ್ಷದಲ್ಲಿ ಸರಪಳಿ ಮೂರು, ಬ್ರೇಕಿನ ರಬ್ಬರು ಲೆಕ್ಕವಿಟ್ಟಿಲ್ಲ. ಕೆಸರಿನ ಇಳಿಜಾರಿನಲ್ಲಿ ಆ ರಬ್ಬರು ಒಮ್ಮೆ ಹಿಡಿಯಲಿಲ್ಲ, ಭತ್ತದ ಗದ್ದೆಗೆ ನೇರವಾಗಿ ಇಳಿದೆ. ಕೈಮೂಳೆ ಬಿರುಕು, ಆರು ವಾರ ಕಟ್ಟು. ಅದು ನನ್ನ ತಪ್ಪು, ಸೈಕಲಿನದಲ್ಲ.

ನೆಗ್ಗಿಲು:
ಬ್ರೇಕು ಹಿಡಿಯದಿದ್ದರೆ ಅದು ಸೈಕಲಿನದಲ್ಲದೆ ಗದ್ದೆಯ ತಪ್ಪೇ ಸ್ವಾಮಿ?

ಒಂದೇ ಗೇರು:
ತೂತು ಎಣಿಸುವವರು ಬ್ರೇಕಿನ ವಿಷಯಕ್ಕೆ ಬರಬೇಡಿ.

ಕಾಲುವೆ ಏರಿ:
ಎಲ್ಲರಿಗೂ ವಂದನೆ. ನನ್ನ ಮೊಣಕಾಲಿನ ಬಗ್ಗೆ ಯಾರಾದರೂ ಒಂದು ಮಾತು ಹೇಳುತ್ತೀರಾ?

ಬೆಳಗಿನ ಜಾವ:
ಕ್ಷಮಿಸಿ, ಕೇಳಿದ್ದನ್ನೇ ಮರೆತೆವು. ಸೀಟು ತಗ್ಗಿದ್ದರೆ ಮೊಣಕಾಲಿನ ಮುಂಭಾಗ ನೋಯುತ್ತದೆ. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು, ಪೆಡಲ್ ಅತ್ಯಂತ ಕೆಳಗಿದ್ದಾಗ ಕಾಲು ನೆಟ್ಟಗಾಗಬೇಕು. ಅಲ್ಲಿಂದ ಶುರು ಮಾಡಿ, ಒಂದೊಂದೇ ದಾರದಷ್ಟು ಬದಲಿಸುತ್ತಾ ನೋಡಿ.

ತುಕ್ಕು ಸರಪಳಿ:
ಸೀಟಿಗಿಂತ ಗೇರು ಮುಖ್ಯ. ಮುಂದೆ 34, ಹಿಂದೆ 34 ಹಾಕಿಸಿದ ಮೇಲೆ ನನ್ನ ಮೊಣಕಾಲು ನೋಯುವುದನ್ನೇ ಮರೆತಿದೆ. ಭಾರದ ಗೇರನ್ನು ಮೆಲ್ಲಗೆ ತುಳಿಯುವುದೇ ರೋಗ. ಆದರೆ 34 ಹಲ್ಲಿಗೆ ನಿಮ್ಮ ಡೀರೇಲರಿನ ತೋಳು ಸಾಲುತ್ತದೆಯೇ ಎಂದು ಮೊದಲು ನೋಡಿ. ನಾನು ನೋಡಿರಲಿಲ್ಲ, ಅದಕ್ಕೂ ಎರಡನೆಯ ಬಾರಿ ಖರ್ಚಾಯಿತು.

ಒಂದೇ ಗೇರು:
ಅಥವಾ ಇಳಿದು ತಳ್ಳಿ.

ಕಾಲುವೆ ಏರಿ:
ಭಾನುವಾರ ಇದೇ ಸೈಕಲಿನಲ್ಲಿ ಹೋಗಿ ಬಂದೆ. ಸೀಟನ್ನು ಒಂದೂವರೆ ಸೆಂಟಿಮೀಟರು ಏರಿಸಿದ್ದೆ, ಮೊಣಕಾಲು ಅರ್ಧ ದಾರಿಯವರೆಗೆ ಸುಮ್ಮನಿತ್ತು. ಗಾಳಿಯನ್ನು 95ರಿಂದ 75 ಪಿಎಸ್‌ಐಗೆ ಇಳಿಸಿದ್ದೆ, ಕೈ ಜುಮುಗುಡುವುದು ಕಡಿಮೆಯಾಯಿತು. 22ನೆಯ ಕಿಲೋಮೀಟರಿನಲ್ಲಿ ಚೂಪು ಕಲ್ಲಿಗೆ ಬಡಿದು ಹಾವು ಕಚ್ಚಿದಂತೆ ಎರಡು ತೂತು. ಟ್ಯೂಬು ಬದಲಿಸಿ, ಸಣ್ಣ ಪಂಪಿನಲ್ಲಿ ಇನ್ನೂರು ಬಾರಿ ಗಾಳಿ ಹೊಡೆದೆ. ಪಂಪಿನ ಕೊಳವೆಯನ್ನು ತಿರುಚಿ ಬಿಚ್ಚಿದಾಗ ವಾಲ್ವಿನ ತಿರುಳೂ ಅದರ ಜೊತೆಗೇ ಬಿಚ್ಚಿಕೊಂಡು ಬಂತು. ಇನ್ನೂರು ಬಾರಿಯ ಗಾಳಿ ಒಂದೇ ಉಸಿರಿಗೆ ಹೋಯಿತು. ಅಳು ಬರುವುದರಲ್ಲಿತ್ತು. ಹುಲ್ಲು ಹೊತ್ತು ಬರುತ್ತಿದ್ದ ಹೆಂಗಸೊಬ್ಬರು ಹೊರೆ ಇಳಿಸಿ, ಸೆರಗಿನ ತುದಿಯಲ್ಲಿ ಆ ತಿರುಳನ್ನು ಒತ್ತಿ ಹಿಡಿದು ಬಿಗಿಯಾಗಿ ತಿರುಗಿಸಿಕೊಟ್ಟರು. ಎರಡನೆಯ ಇನ್ನೂರರಲ್ಲಿ ನೂರನ್ನು ಅವರೇ ಹೊಡೆದರು. ಮಿಂಚುಳ್ಳಿ ಅದೇ ಕಂಬದ ಮೇಲೆ ಇತ್ತು. 28 ಮಿ.ಮೀ. ಟೈರು ನನ್ನ ಚೌಕಟ್ಟಿನೊಳಗೆ ಹಿಡಿಸುತ್ತದೆಯೇ ಎಂದು ಅಳತೆ ನೋಡುತ್ತಿದ್ದೇನೆ.

ತುಕ್ಕು ಸರಪಳಿ:
28 ಅಲ್ಲ, 40. ಟ್ಯೂಬ್‌ಲೆಸ್ ಆಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನೆಗ್ಗಿಲು:
ಗೋಡೆಯ ಕಲೆ ಹೋಯಿತೇ?