ಅಪ್‌ಡೇಟ್: ಕೊಬ್ಬು ಕಟ್ಟಿದ ಮಿನಿಯೇಚರ್ ಕತ್ತೆಯ ಮೇವಿನ ಬಗ್ಗೆ

ನಮ್ಮ ಎರಡು ಮಿನಿಯೇಚರ್ ಕತ್ತೆಗಳಲ್ಲಿ ಹೆಣ್ಣಿನ ಕುತ್ತಿಗೆಯ ಮೇಲೆ ಕೊಬ್ಬು ಗಟ್ಟಿಯಾಗಿ ಕಟ್ಟಿಕೊಂಡಿದೆ, ಮೇವನ್ನು ಒಮ್ಮೆಲೇ ಕಡಿಮೆ ಮಾಡಬಹುದೇ ಎಂದು ಕೇಳಿದ್ದೆ. ಹಾಗೆ ಮಾಡಬಾರದೆಂದು ಎಚ್ಚರಿಸಿದ ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು.

ಪಶುವೈದ್ಯರೂ ಅದನ್ನೇ ಹೇಳಿದರು. ಸ್ಥೂಲಕಾಯದ ಕತ್ತೆಗೆ ಹಠಾತ್ತನೆ ಆಹಾರ ತಪ್ಪಿದರೆ ಮೈಯ ಕೊಬ್ಬು ಮಿತಿಮೀರಿ ರಕ್ತಕ್ಕೆ ಸೇರಿ, ಯಕೃತ್ತು ಮತ್ತು ಮೂತ್ರಪಿಂಡಗಳಿಗೆ ಹಾನಿಯಾಗಿ, ಪ್ರಾಣಕ್ಕೇ ಎರವಾಗಬಲ್ಲ ಹೈಪರ್‌ಲಿಪೀಮಿಯಾ ಉಂಟಾಗಬಹುದು. ಆದ್ದರಿಂದ ಅದು ಮೇವು ಬಿಟ್ಟರೆ ಮರುದಿನದವರೆಗೆ ಕಾಯದೆ ಕರೆಯಬೇಕೆಂದು ಒತ್ತಿ ಹೇಳಿದ್ದಾರೆ.

ಈಗ ಧಾನ್ಯವನ್ನು ಹಂತಹಂತವಾಗಿ ನಿಲ್ಲಿಸಿ, ಹಸಿರು ಹುಲ್ಲಿನಲ್ಲಿ ಮೇಯುವ ಅವಧಿಯನ್ನೂ ಕುಗ್ಗಿಸಿ, ಸಕ್ಕರೆಯಂಶ ಕಡಿಮೆಯಿರುವ ಬಾರ್ಲಿಯ ಒಣಹುಲ್ಲನ್ನೇ ಮುಖ್ಯ ಮೇವಾಗಿಸಿದ್ದೇವೆ. ಖನಿಜಾಂಶಗಳನ್ನು ಪ್ರತ್ಯೇಕವಾಗಿ ಕೊಡುತ್ತೇವೆ. ಅಧಿಕ ತೂಕದಿಂದ ಗೊರಸಿನೊಳಗೆ ಉರಿಯೂತವಾಗುವ ಲ್ಯಾಮಿನೈಟಿಸ್‌ನ ಭಯವಿರುವುದರಿಂದ ನಡಿಗೆಯನ್ನು ದಿನವೂ ಗಮನಿಸುತ್ತೇವೆ. ಗೊರಸು ಕತ್ತರಿಸುವುದು 6ರಿಂದ 10 ವಾರಗಳಿಗೊಮ್ಮೆ ನಡೆಯುತ್ತದೆ. ಜೊತೆಗಾರನಿಂದ ಅಗಲಿಸಿದರೆ ಕೊರಗಿ ಮೇವು ಬಿಡುವ ಸಾಧ್ಯತೆಯಿರುವುದರಿಂದ, ಚಿಕಿತ್ಸೆಯ ವೇಳೆಯಲ್ಲೂ ಎರಡನ್ನೂ ಒಟ್ಟಿಗೇ ಇರಿಸಿದ್ದೇವೆ. ನನ್ನ ದೃಷ್ಟಿಯಲ್ಲಿ ಇದು ಮೇವಿನಷ್ಟೇ ಮುಖ್ಯ.

ಪಕ್ಕೆಯೆಲುಬುಗಳು ಈಗ ಕೈಗೆ ತಾಗುತ್ತಿವೆ. ಕುತ್ತಿಗೆಯ ಕೊಬ್ಬು ಮಾತ್ರ ಇಳಿದಿಲ್ಲ. ಮೈ ಇಳಿದ ಮೇಲೂ ಅದು ಶಾಶ್ವತವಾಗಿ ಉಳಿಯಬಹುದೆಂದು ವೈದ್ಯರು ತಿಳಿಸಿದ್ದಾರೆ.