ವಿವೇಕಾನಂದರು–ಚಾಮರಾಜೇಂದ್ರ ಒಡೆಯರ್ ಭೇಟಿ: ಶಾಲೆ ನಾಟಕಕ್ಕೆ ಏನು ಇಟ್ಕೋಬೇಕು, ಏನು ಬಿಡಬೇಕು?

ಪಡುವಾರಹಳ್ಳಿ_ಮೇಷ್ಟ್ರು:
ಜನವರಿ 12ರ ಯುವ ದಿನಕ್ಕೆ ಮೈಸೂರಿನ ನಮ್ಮ ಹೈಸ್ಕೂಲಿನಲ್ಲಿ ಹತ್ತು ನಿಮಿಷದ ನಾಟಕ, ಜೊತೆಗೆ ನಾಲ್ಕು ಬೋರ್ಡು. ವಿಷಯ: 1892ರಲ್ಲಿ ಸ್ವಾಮೀಜಿ ಮೈಸೂರು ಮಹಾರಾಜರನ್ನು ಕಂಡದ್ದು. ವಾಟ್ಸಾಪಿನಲ್ಲಿ ಓಡಾಡ್ತಿರೋ ಸ್ಕ್ರಿಪ್ಟಿನಲ್ಲಿ ಈಗಿನ ಅಂಬಾವಿಲಾಸ ಅರಮನೆಯ ದರ್ಬಾರು, ನರೆಮೀಸೆಯ ಮಹಾರಾಜ, ಪಾದಪೂಜೆ, ಕೊನೆಗೆ ಸ್ವಾಮೀಜಿಯ ‘ಅಸಲಿ ಧ್ವನಿ’ ಎಲ್ಲಾ ಇದೆ. ಯಾವುದು ನಿಲ್ಲುತ್ತೆ?

ಹಳೇಕಡತ:
ಮೇಷ್ಟ್ರೇ, ಯಾವುದೂ ಹಾಗೇ ನಿಲ್ಲಲ್ಲ.

ಮೊದಲು ಅರಮನೆ. ಈಗಿನದು ಆಗ ಇರಲೇ ಇಲ್ಲ. ಹಳೇ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆ ಹೊತ್ತಿನಲ್ಲಿ ಸುಟ್ಟುಹೋಯ್ತು. ಹೆನ್ರಿ ಇರ್ವಿನ್ ವಿನ್ಯಾಸದ ಹೊಸದು ಮುಗಿದದ್ದು 1912ರಲ್ಲಿ. ದೀಪ ಹಚ್ಚಿದ ಅರಮನೆ ಫೋಟೋನ ಪರದೆಗೆ ಹಾಕಿದರೆ ಅಲ್ಲೇ ಕೆಟ್ಟಿತು. ಮರದ ಕಂಬ, ಜಮಖಾನ, ಎರಡು ಕುರ್ಚಿ ಸಾಕು.

ಇನ್ನು ವಯಸ್ಸು. ಸ್ವಾಮೀಜಿ ಹುಟ್ಟಿದ್ದು 1863 ಜನವರಿ 12, ಹತ್ತನೇ ಚಾಮರಾಜೇಂದ್ರರು ಅದೇ ವರ್ಷ ಫೆಬ್ರವರಿ 22. ಇಬ್ಬರಿಗೂ 29! ಮಹಾರಾಜರೇ 41 ದಿನ ಚಿಕ್ಕವರು. ಹತ್ತನೇ ಕ್ಲಾಸಿನ ಇಬ್ಬರು ಹುಡುಗರಿಗೆ ಕೊಡಿ, ಹತ್ತಿಯ ಮೀಸೆ ಬೇಡ. ಮಹಾರಾಜರ ಬದಲು ಅವರ ಮಗ ನಾಲ್ವಡಿಯವರ ಫೋಟೋ ಹಾಕೋ ತಪ್ಪೂ ಬಹಳ ಕಡೆ ಆಗುತ್ತೆ. ಅವರಿಗೆ ಆಗ ಎಂಟು ವರ್ಷ.

ಪಾದಪೂಜೆ ಮಾಡಿಸಿಕೊಂಡರು ಅಂತ ತೋರಿಸಬೇಡಿ. ಶಿಷ್ಯರು ಬರೆದ ಜೀವನಚರಿತ್ರೆ ಪ್ರಕಾರ ಮಹಾರಾಜರು ಕೇಳಿಕೊಂಡರು, ಸ್ವಾಮೀಜಿ ಒಪ್ಪಲಿಲ್ಲ. ಒಪ್ಪದ್ದನ್ನೇ ತೋರಿಸಿ, ದೃಶ್ಯ ಇನ್ನೂ ಗಟ್ಟಿಯಾಗುತ್ತೆ. ಉಡುಗೊರೆಯದ್ದೂ ಅದೇ ಕಥೆ: ರಾಶಿ ಹಾಕಿದರೂ ಹೊರಡುವಾಗ ತಗೊಂಡದ್ದು ಬೀಟೆ ಮರದ ಹುಕ್ಕಾ ಒಂದನ್ನ. ದಿವಾನ್ ಶೇಷಾದ್ರಿ ಅಯ್ಯರ್ ನೋಟಿನ ಕಂತೆ ಕೊಡಹೋದರೆ ಬೇಡ ಅಂದು, ಮುಂದಿನ ಪ್ರಯಾಣಕ್ಕೆ ಟಿಕೆಟ್ ಕೊಡಿಸಿ ಅಂದರು. ಮಕ್ಕಳ ಕಾರ್ಯಕ್ರಮ, ಹುಕ್ಕಾ ಬಿಟ್ಟು ಟಿಕೆಟ್ ಇಟ್ಕೊಳ್ಳಿ.

ಕೆಆರ್‌ಮೊಹಲ್ಲಾ_63:
ಧ್ವನಿ ಬಗ್ಗೆ. ಮಹಾರಾಜರು ಫೋನೋಗ್ರಾಫಿನಲ್ಲಿ ಸ್ವಾಮೀಜಿ ಮಾತು ಹಿಡಿಸಿದ್ದು ಜೀವನಚರಿತ್ರೆಯಲ್ಲೇ ಇದೆ. ಆಮೇಲೆ ಅದು ಕೇಳಲಾಗದಷ್ಟು ಅಳಿಸಿಹೋಯ್ತು ಅಂತಲೂ ಅಲ್ಲೇ ಇದೆ. ಆ ಕಾಲದ್ದು ಮೇಣದ ಸಿಲಿಂಡರು: ಎರಡು-ಮೂರು ನಿಮಿಷ ಹಿಡಿಯುತ್ತೆ, ಪ್ರತಿ ಸಲ ಹಾಕಿದಾಗಲೂ ಸೂಜಿ ಗೀರನ್ನು ಸವೆಸುತ್ತೆ, ತೇವ ತಗುಲಿದರೆ ಬೂಷ್ಟು. ಯೂಟ್ಯೂಬಿನ ಚಿಕಾಗೋ ಭಾಷಣ ಈಚಿನವರು ಓದಿದ್ದು, ಅದನ್ನು ‘ಅಸಲಿ’ ಅಂತ ಹಾಕಬೇಡಿ.

ಚಿತ್ರಕ್ಕೆ ಎಲ್ಲರೂ ಕೈಕಟ್ಟಿ ನಿಂತ ಪೇಟದ ಫೋಟೋ ಹಾಕ್ತಾರೆ. ಅದು 1893ರ ಚಿಕಾಗೋದ್ದು. ಮೈಸೂರಿಗೆ ಬರುವ ಮುಂಚೆ, 1892ರ ಅಕ್ಟೋಬರಿನಲ್ಲಿ ಬೆಳಗಾವಿಯಲ್ಲಿ ತೆಗೆದದ್ದೊಂದಿದೆ. ಅದನ್ನೇ ಹಾಕಿ.

ಮಂಡ್ಯ_ಡಿಟಿಪಿ:
ಬೋರ್ಡಿಗೆ 3×2 ಅಡಿ, 5 ಮಿ.ಮೀ. ಸನ್‌ಬೋರ್ಡ್ (ಹಗುರ ಫೋಮ್ ಹಲಗೆ), ಮ್ಯಾಟ್ ಲ್ಯಾಮಿನೇಷನ್. ಗ್ಲಾಸಿ ಆದರೆ ಕಿಟಕಿ ಬೆಳಕು ಬಡಿದು ಅರ್ಧ ಓದಕ್ಕಾಗಲ್ಲ. ಒಂದಕ್ಕೆ 80 ಪದ ಮೀರಬೇಡಿ, ಅಕ್ಷರ 36 ಪಾಯಿಂಟಿಗಿಂತ ಸಣ್ಣದು ಬೇಡ. ಯೂನಿಕೋಡಿನಲ್ಲಿ ಟೈಪ್ ಮಾಡಿದ್ದನ್ನು ಹಳೇ ಡಿಸೈನ್ ಸಾಫ್ಟ್‌ವೇರಿಗೆ ಅಂಟಿಸಿದರೆ ಒತ್ತಕ್ಷರ ಪಕ್ಕಕ್ಕೆ ಜಾರುತ್ತೆ: ‘ಚಾಮರಾಜೇಂದ್ರ’ದ ಕ್ರಾವಡಿ, ‘ಸ್ವಾಮಿ’ಯ ವತ್ತು ಮೊದಲು ಹೋಗೋದು. ಫಾಂಟ್ ಸೇರಿಸಿದ ಪಿಡಿಎಫ್ ಕೊಟ್ಟು, ಎ4ನಲ್ಲಿ ಒಂದು ಪ್ರತಿ ತೆಗೆಸಿ ಈ ಎರಡು ಪದ ನೋಡಿದ ಮೇಲೇ ದೊಡ್ಡದಕ್ಕೆ ಹೂಂ ಅನ್ನಿ.

ಪಡುವಾರಹಳ್ಳಿ_ಮೇಷ್ಟ್ರು:
ತುಂಬಾ ಉಪಕಾರವಾಯ್ತು. ಆಸ್ಥಾನದವರ ಬಗ್ಗೆ ಸ್ವಾಮೀಜಿ ಚುಚ್ಚಿದ ಮಾತು ನಾಟಕಕ್ಕೆ ಹಾಕಬಹುದಾ? ನಾಲ್ಕನೇ ಬೋರ್ಡಿಗೂ ಏನೂ ಹೊಳೀತಿಲ್ಲ.

ಹಳೇಕಡತ:
ಖಂಡಿತ ಹಾಕಿ, ಇಡೀ ಭೇಟಿಯ ಜೀವಾಳವೇ ಅದು. ನನ್ನ ಆಸ್ಥಾನದವರು ಹೇಗೆ ಅಂತ ಮಹಾರಾಜರು ಕೇಳ್ತಾರೆ; ನಿಮ್ಮ ಮನಸ್ಸು ಒಳ್ಳೇದು, ಸುತ್ತ ಇರೋರು ಮಾತ್ರ ಎಲ್ಲಾ ಆಸ್ಥಾನದವರ ಹಾಗೇ ಅಂತಾರೆ ಸ್ವಾಮೀಜಿ. ನಮ್ಮ ದಿವಾನರು ಹಾಗಲ್ಲ ಅಂತ ಮಹಾರಾಜರು ಅಂದರೆ, ಮಹಾರಾಜರನ್ನು ದೋಚಿ ಪೊಲಿಟಿಕಲ್ ಏಜೆಂಟನಿಗೆ (ಸಂಸ್ಥಾನದಲ್ಲಿದ್ದ ಬ್ರಿಟಿಷ್ ಸರ್ಕಾರದ ಪ್ರತಿನಿಧಿಗೆ) ಕೊಡೋನೇ ದಿವಾನ ಅಂತ ಉತ್ತರ! ಆಮೇಲೆ ಮಹಾರಾಜರು ಗುಟ್ಟಾಗಿ ಕರೆದು, ಇಷ್ಟು ನೇರ ಮಾತಾಡಿದರೆ ಯಾರಾದರೂ ವಿಷ ಹಾಕಿಯಾರು ಅಂತ ಎಚ್ಚರಿಸ್ತಾರೆ. ಇದು ಶಿಷ್ಯರು ಕೇಳಿ ಬರೆದದ್ದು, ಹಾಗಾಗಿ ಬೋರ್ಡಿನಲ್ಲಿ ಉದ್ಧರಣ ಚಿಹ್ನೆ ಬೇಡ. ಚುಚ್ಚು ಆ ಹುದ್ದೆಗೆ. ದಿವಾನರನ್ನು ಖಳನಾಯಕ ಮಾಡಬೇಡಿ, ಸ್ವಾಮೀಜಿಯನ್ನು ಮನೇಲಿ ಇಟ್ಕೊಂಡು ಅರಮನೆಗೆ ಕರೆದೊಯ್ದವರೇ ಅವರು.

ನಾಲ್ಕನೇ ಬೋರ್ಡಿಗೆ 1894 ಜೂನ್ 23ರಂದು ಚಿಕಾಗೋದಿಂದ ಮಹಾರಾಜರಿಗೆ ಬರೆದ ಪತ್ರ. ಬಡವರ ಮಕ್ಕಳು ಶಾಲೆಗೆ ಬರಲಾಗದಿದ್ದರೆ ವಿದ್ಯೆಯೇ ಅವರ ಹತ್ತಿರ ಹೋಗಲಿ, ಸಂನ್ಯಾಸಿಗಳು ಸಂಜೆ ಹೊತ್ತು ಗೋಳ, ನಕ್ಷೆ ಹಿಡಿದು ಹಳ್ಳಿಗೆ ಹೋಗಲಿ ಅನ್ನೋ ಯೋಜನೆ ಅದರಲ್ಲಿದೆ. ಆರು ತಿಂಗಳಿಗೆ, ಡಿಸೆಂಬರ್ 28ರಂದು, ಮಹಾರಾಜರು ಕಲ್ಕತ್ತೆಯಲ್ಲಿ ತೀರಿಕೊಂಡರು. ಬೋರ್ಡಿನ ಮುಂದೆ ಸಮಾಜ ವಿಜ್ಞಾನ ಲ್ಯಾಬಿನ ಗೋಳ ಒಂದಿಡಿ.